ತೆರಿಗೆ ಕಲಿಸುವವರು, ತೆರಿಗೆ ಬಗ್ಗೆ ಬರೆಯುವವರು: ಅವರ ಕೆಲಸ ನಿಜಕ್ಕೂ ಏನು?

ತೆರಿಗೆ ಕಾನೂನು ಕಲಿಸುತ್ತೇನೆ ಎಂದು ಯಾರಾದರೂ ಹೇಳಿಕೊಂಡರೆ ಎದುರಿನವರಿಂದ ಬರುವ ಮೊದಲ ಮಾತು ಗೊತ್ತೇ ಇದೆ. "ಹೌದಾ? ಹಾಗಾದ್ರೆ ನನ್ನ ತೆರಿಗೆ ಕಡಿಮೆ ಮಾಡೋದು ಹೇಗೆ ಹೇಳಿ!" ಡಾಕ್ಟರ್ ಸಿಕ್ಕ ಕೂಡಲೇ ಸೊಂಟನೋವು ಹೇಳಿಕೊಂಡ ಹಾಗೆ. ತಮಾಷೆ ಏನೆಂದರೆ, ಸ್ವಂತ ರಿಟರ್ನ್ ತುಂಬುವುದಕ್ಕೆ ಬೇರೆಯವರ ಹತ್ತಿರ ಹೋಗುವ ತೆರಿಗೆ ಪ್ರೊಫೆಸರುಗಳೂ ಇದ್ದಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆ ಕೆಲಸವೇ ಬೇರೆ, ಈ ಕೆಲಸವೇ ಬೇರೆ.

ರಿಟರ್ನ್ ತುಂಬುವುದು ಆಡಿಟರ್ ಕೆಲಸ. ತಕರಾರು ಬಂದಾಗ ವಾದಿಸುವುದು ವಕೀಲರ ಕೆಲಸ. ಇಬ್ಬರಿಗೂ ಕಕ್ಷಿದಾರರು ಇರುತ್ತಾರೆ. ಈ ವರ್ಷ ಈ ಮನುಷ್ಯ ಎಷ್ಟು ಕಟ್ಟಬೇಕು ಎನ್ನುವುದಕ್ಕೆ ಉತ್ತರ ಸಿಕ್ಕರೆ ಅಲ್ಲಿಗೆ ಮುಗಿಯಿತು. ಕಲಿಸುವವರಿಗೆ, ಬರೆಯುವವರಿಗೆ ಕಕ್ಷಿದಾರರಿಲ್ಲ. ಅವರು ಕೇಳುವುದು ಬೇರೆಯೇ. ಈ ನಿಯಮ ಯಾಕೆ ಹೀಗಿದೆ? ಹೀಗಿರುವುದರಿಂದ ಜನ ಏನು ಮಾಡುತ್ತಾರೆ? ಕೊನೆಗೆ ಇದರ ಭಾರ ಬೀಳುವುದು ಯಾರ ಮೇಲೆ?

ತೆರಿಗೆ ದರಗಳು, ಮಿತಿಗಳು, ಫಾರಂ ನಂಬರುಗಳು ಬದಲಾಗುತ್ತಲೇ ಇರುತ್ತವೆ. ಹೋದ ವರ್ಷದ ನೋಟ್ಸ್ ಈ ವರ್ಷ ರದ್ದಿ. ಅದನ್ನೇ ಬಾಯಿಪಾಠ ಮಾಡಿಸುವ ಮೇಷ್ಟ್ರು ತಾವೂ ಬೇಗ ರದ್ದಿಯಾಗುತ್ತಾರೆ. ಹಾಗಾಗಿ ಈ ವಿಷಯದಲ್ಲಿ ಪಳಗಿದವರು ದರ ಕಲಿಸಲು ಹೆಚ್ಚು ಹೊತ್ತು ಕಳೆಯುವುದಿಲ್ಲ. ನೂರು ವರ್ಷದಿಂದ ಬದಲಾಗದ ಮೂರ್ನಾಲ್ಕು ಪ್ರಶ್ನೆಗಳಿವೆ. ಅವರ ಪಾಠ, ಬರಹ ಎರಡೂ ಆ ಪ್ರಶ್ನೆಗಳ ಸುತ್ತಲೇ ತಿರುಗುತ್ತವೆ. ಅವೇನು ಎಂದು ನೋಡಿದರೆ ಈ ವೃತ್ತಿ ಏನೆಂದು ತಾನಾಗಿಯೇ ಗೊತ್ತಾಗುತ್ತದೆ.

ಆದಾಯ ಅಂದರೆ ಏನು?

ಮೊದಲ ಪ್ರಶ್ನೆ ಕೇಳಲು ಸುಲಭ. ಆದಾಯ ಎಂದರೇನು? ಸಂಬಳ, ಬಡ್ಡಿ, ಬಾಡಿಗೆ, ವ್ಯಾಪಾರದ ಲಾಭ ಎಂದು ವಿದ್ಯಾರ್ಥಿಗಳು ಪಟ್ಟಿ ಕೊಡುತ್ತಾರೆ. ಪಟ್ಟಿ ಸರಿಯೇ. ಆದರೆ ಇವೆಲ್ಲ ಒಂದೇ ಪಟ್ಟಿಗೆ ಯಾಕೆ ಸೇರಿದವು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ.

ಇದಕ್ಕೊಂದು ಹೆಸರಾದ ಉತ್ತರವಿದೆ. ಜರ್ಮನಿಯ ಗಿಯೋರ್ಗ್ ಫಾನ್ ಶಾಂಟ್ಸ್ 1896ರಲ್ಲಿ, ಅಮೆರಿಕದ ರಾಬರ್ಟ್ ಹೇಗ್ 1921ರಲ್ಲಿ, ಷಿಕಾಗೊ ವಿಶ್ವವಿದ್ಯಾಲಯದ ಹೆನ್ರಿ ಸೈಮನ್ಸ್ 1938ರಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ವರ್ಷದಲ್ಲಿ ನೀವು ಖರ್ಚು ಮಾಡಿ ಅನುಭವಿಸಿದ್ದು ಎಷ್ಟು? ಸಾಲ ಕಳೆದು ನಿಮ್ಮ ಆಸ್ತಿ ಎಷ್ಟು ಬೆಳೆಯಿತು? ಎರಡನ್ನೂ ಕೂಡಿಸಿ. ಅದೇ ಆದಾಯ. ದುಡ್ಡು ಯಾವ ದಾರಿಯಿಂದ ಬಂತು ಎನ್ನುವುದು ಈ ಲೆಕ್ಕಕ್ಕೆ ಬೇಕಿಲ್ಲ. ಬೆವರು ಸುರಿಸಿ ಬಂದದ್ದೋ, ಕೂತಲ್ಲೇ ಬೆಲೆ ಏರಿ ಬಂದದ್ದೋ, ಎರಡೂ ಒಂದೇ.

ಕೇಳುವುದಕ್ಕೆ ಅಚ್ಚುಕಟ್ಟಾಗಿದೆ ಅಲ್ವಾ? ಈಗ ಇದನ್ನು ಹಿಡಿದು ಸುತ್ತಮುತ್ತ ನೋಡಿ. ಇಬ್ಬರಿಗೆ ಒಂದೇ ಬೆಲೆಯ ಎರಡು ಮನೆಗಳಿವೆ. ಒಬ್ಬರು ತಮ್ಮ ಮನೆಯಲ್ಲೇ ಇದ್ದಾರೆ. ಇನ್ನೊಬ್ಬರು ಮನೆಯನ್ನು ಬಾಡಿಗೆಗೆ ಕೊಟ್ಟು, ಅಷ್ಟೇ ಬಾಡಿಗೆಯ ಇನ್ನೊಂದು ಮನೆಯಲ್ಲಿ ಇದ್ದಾರೆ. ಇಬ್ಬರ ಬದುಕೂ ಒಂದೇ ಮಟ್ಟದ್ದು. ಆದರೆ ಎರಡನೆಯವರಿಗೆ ಬಂದ ಬಾಡಿಗೆ ಆದಾಯ, ಅದಕ್ಕೆ ತೆರಿಗೆ. ಮೊದಲನೆಯವರು ತಮಗೆ ತಾವೇ ಬಾಡಿಗೆ ಕೊಟ್ಟುಕೊಂಡ ಹಾಗೆ ಇದ್ದಾರೆ. ಅದಕ್ಕೆ ಹೆಚ್ಚಿನ ದೇಶಗಳಲ್ಲಿ ತೆರಿಗೆಯಿಲ್ಲ. ಸ್ವಿಟ್ಜರ್ಲೆಂಡ್ ದಶಕಗಳ ಕಾಲ ಇಂಥ ಕಾಣದ ಬಾಡಿಗೆಗೂ ತೆರಿಗೆ ಹಾಕುತ್ತಾ ಬಂತು. ಸೂತ್ರದ ಪ್ರಕಾರ ಅದೇ ಸರಿ. ಆದರೆ ಕೈಗೆ ಬಾರದ ದುಡ್ಡಿಗೆ ತೆರಿಗೆ ಕಟ್ಟಿ ಎಂದರೆ ಯಾರಿಗೂ ರುಚಿಸುವುದಿಲ್ಲ.

ಮನೆಯೊಳಗಿನ ದುಡಿಮೆಯದೂ ಇದೇ ಕಥೆ. ಒಬ್ಬ ಗಂಡಸು ತನ್ನ ಮನೆಗೆಲಸದ ಹೆಂಗಸನ್ನು ಮದುವೆಯಾದರೆ ದೇಶದ ಆದಾಯ ಅಷ್ಟು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ ತೋರಿಸಿದ್ದರು. ಕೆಲಸ ಅದೇ, ಕೈಗಳೂ ಅವೇ. ಸಂಬಳ ನಿಂತಿತು, ಲೆಕ್ಕದಿಂದ ಮಾಯವಾಯಿತು. ಈ ಒಂದು ಉದಾಹರಣೆ ಇಟ್ಟರೆ ಸಾಕು, ಹೆಣ್ಣಿನ ದುಡಿಮೆ, ಮದುವೆ, ಮಾರುಕಟ್ಟೆ ಎಲ್ಲವೂ ತೆರಿಗೆ ತರಗತಿಯ ಒಳಗೆ ನುಗ್ಗುತ್ತವೆ.

ಇನ್ನೂ ದೊಡ್ಡ ತೊಡಕು ಮಾರದೆ ಇಟ್ಟುಕೊಂಡ ಆಸ್ತಿಯದು. 1920ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಕಂಪನಿಯೊಂದು ತನ್ನ ಷೇರುದಾರರಿಗೆ ಲಾಭಾಂಶವನ್ನು ನಗದಿನ ಬದಲು ಹೊಸ ಷೇರುಗಳಾಗಿ ಕೊಟ್ಟಿತ್ತು. ಅದು ಆದಾಯವೇ? ಅಲ್ಲ ಎಂದಿತು ಕೋರ್ಟ್, ಒಂದೇ ಒಂದು ಮತದ ಅಂತರದಲ್ಲಿ. ಮೊದಲು ಒಂದು ದೊಡ್ಡ ತುಂಡಿತ್ತು, ಈಗ ಅದೇ ಹಲವು ಸಣ್ಣ ತುಂಡುಗಳಾಗಿದೆ, ಷೇರುದಾರರ ಕೈಗೆ ಹೊಸದಾಗಿ ಏನೂ ಬಂದಿಲ್ಲ ಎನ್ನುವುದು ಅದರ ತರ್ಕ. ಆಸ್ತಿಯ ಬೆಲೆ ಏರಿದ ಮಾತ್ರಕ್ಕೆ ಆದಾಯವಾಗದು, ಅದು ಮಾರಾಟವಾಗಿ ಕೈಗೆ ಬಂದಾಗಲೇ ಆದಾಯ ಎನ್ನುವ ಯೋಚನೆ ಇಂಥ ತೀರ್ಪುಗಳಿಂದ ಗಟ್ಟಿಯಾಯಿತು.

ನೂರು ವರ್ಷ ಹಳೆಯ ಕೇಸು ಯಾಕೆ ಬೇಕು ಎನ್ನಬಹುದು. ಇವತ್ತಿನ ಅತಿ ಶ್ರೀಮಂತರ ಬಗ್ಗೆ ನಡೆಯುವ ಜಗಳದ ಬೇರು ಅಲ್ಲೇ ಇದೆ. ಒಬ್ಬರ ಷೇರುಗಳ ಬೆಲೆ ಹತ್ತು ಪಟ್ಟು ಏರಿತು ಎಂದುಕೊಳ್ಳಿ. ಅವರು ಮಾರಲಿಲ್ಲ, ಹಾಗಾಗಿ ಆದಾಯವಿಲ್ಲ. ಷೇರು ಅಡವಿಟ್ಟು ಸಾಲ ತೆಗೆದು ಜೀವನ ನಡೆಸಿದರು. ಸಾಲ ವಾಪಸ್ ಕೊಡಬೇಕಾದದ್ದು, ಹಾಗಾಗಿ ಅದೂ ಆದಾಯವಲ್ಲ. ಐಷಾರಾಮಿ ಬದುಕು ಕಣ್ಣಿಗೆ ಕಾಣುತ್ತದೆ, ಆದಾಯ ಮಾತ್ರ ಕಾಗದದಲ್ಲಿ ಇಲ್ಲ. ಇಲ್ಲಿ ಯಾರೂ ಕಾನೂನು ಮುರಿದಿಲ್ಲ. ಆದಾಯದ ವ್ಯಾಖ್ಯೆ ಎಲ್ಲಿ ನಿಂತಿದೆಯೋ ಅಲ್ಲೇ ನಿಂತು ಲಾಭ ಪಡೆದಿದ್ದಾರೆ. ಶ್ರೀಮಂತರ ದುರಾಸೆಯ ಬಗ್ಗೆ ಆವೇಶದಿಂದ ಬರೆಯುವುದು ಸುಲಭ. ಆ ಒಂದು ಗೆರೆಯನ್ನು ಸರಿಸಿದರೆ ಏನೇನು ಅಲುಗಾಡುತ್ತದೆ ಎಂದು ಬರೆಯುವುದು ಕಷ್ಟ. ಪ್ರತಿ ವರ್ಷ ಮಾರದ ಆಸ್ತಿಗೆ ಬೆಲೆ ಕಟ್ಟುವವರು ಯಾರು? ಬೆಲೆ ಬಿದ್ದ ವರ್ಷ ತೆರಿಗೆ ವಾಪಸ್ ಕೊಡುತ್ತೀರಾ? ತೆರಿಗೆ ಬರಹಗಾರರ ಸಂಬಳ ಇಂಥ ಕಷ್ಟದ ಪ್ರಶ್ನೆಗಳಿಗೇ.

ಕಟ್ಟುವವರು ಒಬ್ಬರು, ಹೊರುವವರು ಇನ್ನೊಬ್ಬರು

ಎರಡನೆಯ ಪ್ರಶ್ನೆ, ತೆರಿಗೆ ಬಂದರೆ ಜನ ಏನು ಮಾಡುತ್ತಾರೆ, ಭಾರ ಯಾರ ಮೇಲೆ ಬೀಳುತ್ತದೆ ಎನ್ನುವುದು. ಇದಕ್ಕೆ ಎಲ್ಲ ಕಡೆ ಒಂದು ಹಳೆಯ ಉದಾಹರಣೆ ಕೊಡುತ್ತಾರೆ. ಹಳತಾದರೂ ಸವೆದಿಲ್ಲ. 1696ರಲ್ಲಿ ಇಂಗ್ಲೆಂಡಿನಲ್ಲಿ ಕಿಟಕಿಗಳ ಮೇಲೆ ತೆರಿಗೆ ಬಂತು. ಆಗ ಆದಾಯ ಅಳೆಯುವ ದಾರಿ ಇರಲಿಲ್ಲ. ಶ್ರೀಮಂತರ ಮನೆಗೆ ಕಿಟಕಿ ಜಾಸ್ತಿ, ಹೊರಗೆ ನಿಂತೇ ಎಣಿಸಬಹುದು. ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಜನ ಏನು ಮಾಡಿದರು? ಕಿಟಕಿಗಳಿಗೆ ಇಟ್ಟಿಗೆ ಇಟ್ಟು ಮುಚ್ಚಿದರು. ತೆರಿಗೆ ರದ್ದಾದದ್ದು 1851ರಲ್ಲಿ. ಒಂದೂವರೆ ಶತಮಾನ ಜನ ಬೆಳಕು, ಗಾಳಿ ಕಳೆದುಕೊಂಡರು.

ಇಲ್ಲಿ ಒಂದು ಸೂಕ್ಷ್ಮವಿದೆ. ಮುಚ್ಚಿದ ಕಿಟಕಿಯಿಂದ ಸರ್ಕಾರಕ್ಕೆ ಒಂದು ಕಾಸೂ ಬರಲಿಲ್ಲ. ಮನೆಯವರಿಗೆ ಬೆಳಕು ಹೋಯಿತು. ಅಂದರೆ ಒಬ್ಬರು ಕಳೆದುಕೊಂಡದ್ದು ಇನ್ನೊಬ್ಬರಿಗೆ ಸಿಗಲೇ ಇಲ್ಲ. ಸುಮ್ನೆ ಹಾಳಾಯಿತು. ಒಂದು ತೆರಿಗೆಯಿಂದ ಎಷ್ಟು ದುಡ್ಡು ಬಂತು ಎಂದಷ್ಟೇ ನೋಡಿದರೆ ಈ ನಷ್ಟ ಕಾಣುವುದೇ ಇಲ್ಲ. ವ್ಯಾಲೇಸ್ ಓಟ್ಸ್ ಮತ್ತು ರಾಬರ್ಟ್ ಶ್ವಾಬ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಆ ಕಾಲದ ಮನೆಗಳ ದಾಖಲೆ ತೆಗೆದು 2015ರಲ್ಲಿ ಒಂದು ಪ್ರಬಂಧ ಬರೆದರು. 18ನೇ ಶತಮಾನದ ಮಧ್ಯದಲ್ಲಿ ತೆರಿಗೆ 10, 15, 20 ಕಿಟಕಿಗಳ ಹತ್ತಿರ ಥಟ್ಟನೆ ಏರುತ್ತಿತ್ತು. ಮನೆಗಳು ಎಲ್ಲಿ ಗುಂಪುಗೂಡಿದ್ದವು ಗೊತ್ತಾ? 9, 14, 19 ಕಿಟಕಿಗಳಲ್ಲಿ.

ಇದನ್ನು ಹೇಳಿದ ಮೇಲೆ ಸ್ಲ್ಯಾಬ್ ಬಗ್ಗೆ ಇರುವ ಒಂದು ಭಯವನ್ನು ಬಿಡಿಸುವುದು ಸಲೀಸು. "ಸಂಬಳ ಜಾಸ್ತಿಯಾದರೆ ಮೇಲಿನ ಸ್ಲ್ಯಾಬಿಗೆ ಹೋಗುತ್ತೇನೆ, ಕೈಗೆ ಬರುವುದು ಕಡಿಮೆಯಾಗುತ್ತದೆ" ಎಂದು ಓದಿದವರೂ ಹೇಳುತ್ತಾರೆ. ಒಂದು ಲೆಕ್ಕ ಹಾಕೋಣ. ಮೊದಲ 100ಕ್ಕೆ ತೆರಿಗೆ ಇಲ್ಲ. 100ರಿಂದ 200ರ ತನಕ ಶೇ. 10. ಅದರ ಮೇಲೆ ಶೇ. 30. ಆದಾಯ 200 ಇದ್ದರೆ ತೆರಿಗೆ 10, ಉಳಿಯುವುದು 190. ಆದಾಯ 201 ಆದರೆ? ಶೇ. 30 ಬೀಳುವುದು ಆ ಕೊನೆಯ 1ಕ್ಕೆ ಮಾತ್ರ. ತೆರಿಗೆ 10.30, ಉಳಿಯುವುದು 190.70. ಜಾಸ್ತಿ ದುಡಿದವರ ಕೈಯಲ್ಲಿ ಜಾಸ್ತಿಯೇ ಉಳಿಯಿತು.

ಆದರೂ ಆ ಭಯ ಪೂರ್ತಿ ದಡ್ಡತನವಲ್ಲ. ಕಿಟಕಿ ತೆರಿಗೆ ಕೊನೆಯ ಕಿಟಕಿಗಷ್ಟೇ ಏರುತ್ತಿರಲಿಲ್ಲ, ಎಲ್ಲ ಕಿಟಕಿಗಳಿಗೂ ಒಟ್ಟಿಗೆ ಏರುತ್ತಿತ್ತು. ಇಂದಿಗೂ ಒಂದು ಮಿತಿ ದಾಟಿದ ಕೂಡಲೇ ಪೂರ್ತಿ ರಿಯಾಯಿತಿಯನ್ನೋ ಸಹಾಯಧನವನ್ನೋ ಕಿತ್ತುಕೊಳ್ಳುವ ನಿಯಮಗಳು ಅಲ್ಲಲ್ಲಿ ಇರುತ್ತವೆ. ಅಂಥ ಕಡೆ ಒಂದು ಹೆಜ್ಜೆ ಮುಂದೆ ಹೋದರೆ ನಿಜಕ್ಕೂ ಹಳ್ಳಕ್ಕೆ ಬೀಳಬಹುದು. "ಸ್ಲ್ಯಾಬ್ ಭಯ ಮೂಢನಂಬಿಕೆ" ಎಂದು ಬರೆದು ಕೈತೊಳೆದುಕೊಳ್ಳುವ ಲೇಖನಗಳನ್ನು ಕಂಡರೆ ನನಗೆ ಸ್ವಲ್ಪ ಬೇಸರ. ಎಲ್ಲಿ ಭಯ ತಪ್ಪು, ಎಲ್ಲಿ ಸರಿ ಎಂದು ಬಿಡಿಸಿ ಹೇಳಿದರೇ ಓದುಗರಿಗೆ ಉಪಯೋಗ.

ಇನ್ನು ಭಾರದ ವಿಷಯ. 1990ರಲ್ಲಿ ಅಮೆರಿಕ ದುಬಾರಿ ವಿಹಾರ ದೋಣಿಗಳ ಮೇಲೆ ತೆರಿಗೆ ತರುವ ಕಾಯ್ದೆ ಮಾಡಿತು. ಬೆಲೆ 1 ಲಕ್ಷ ಡಾಲರ್ ಮೀರಿದರೆ, ಮೀರಿದ ಭಾಗಕ್ಕೆ ಶೇ. 10. ಗುರಿ ಶ್ರೀಮಂತರು. ಆದರೆ ಶ್ರೀಮಂತರಿಗೆ ದೋಣಿಯೇ ಬೇಕೆಂದಿಲ್ಲ. ಕೊಳ್ಳುವುದನ್ನು ಮುಂದೂಡಬಹುದು, ದುಡ್ಡನ್ನು ಬೇರೆಡೆ ಖರ್ಚು ಮಾಡಬಹುದು. ದೋಣಿ ಕಟ್ಟುವ ಕೆಲಸಗಾರರಿಗೆ ಆ ಸೌಲಭ್ಯ ಇಲ್ಲ. ಕೆಲಸ ಹೋದವರು ಗೋಳಾಡಿದರು, 1993ರಲ್ಲಿ ತೆರಿಗೆ ರದ್ದಾಯಿತು. ಅದೇ ಹೊತ್ತಿಗೆ ಆರ್ಥಿಕ ಹಿಂಜರಿತವೂ ಬಂದಿದ್ದರಿಂದ ತಪ್ಪಿನಲ್ಲಿ ತೆರಿಗೆಯ ಪಾಲೆಷ್ಟು ಎನ್ನುವ ವಾದ ಇದ್ದೇ ಇದೆ. ನಿಯಮ ಮಾತ್ರ ಸ್ಪಷ್ಟ. ಕಾನೂನು ಯಾರ ಹೆಸರು ಬರೆದಿದೆಯೋ ಅವರೇ ಭಾರ ಹೊರುತ್ತಾರೆ ಎಂದೇನಿಲ್ಲ. ಯಾರಿಗೆ ತಪ್ಪಿಸಿಕೊಳ್ಳುವ ದಾರಿ ಕಡಿಮೆಯೋ ಅವರ ಮೇಲೆ ಭಾರ ಜಾರುತ್ತದೆ.

ಚಾಪೆ, ರಂಗೋಲಿ

ಇಷ್ಟರ ತನಕ ಹೇಳಿದ್ದು ನೀತಿ. ಕಾನೂನಿನ ಪಾಠ ಶುರುವಾಗುವುದು ಪುಸ್ತಕ ಬಿಚ್ಚಿದಾಗ. ತೆರಿಗೆ ಕಾಯ್ದೆಯ ಒಂದು ಸೆಕ್ಷನ್ ಓದಿದರೆ ತಲೆಬುಡ ತಿಳಿಯುವುದಿಲ್ಲ. ಒಂದೇ ವಾಕ್ಯ ಅರ್ಧ ಪುಟ. ನಡುವೆ "ಬೇರೆಡೆ ಏನೇ ಹೇಳಿದ್ದರೂ" ಎನ್ನುವ ಮಾತು. ಕೆಳಗೆ "ಪರಂತು" ಎಂದು ಶುರುವಾಗುವ ಅಪವಾದ. ಅದಕ್ಕೆ ಇನ್ನೊಂದು ಅಪವಾದ. ಅನುಭವಿಗಳು ಮೊದಲು ವ್ಯಾಖ್ಯೆಗಳ ಪುಟಕ್ಕೆ ಹೋಗುತ್ತಾರೆ. ಆಮೇಲೆ ವಾಕ್ಯದ ಕರ್ತೃ, ಕ್ರಿಯಾಪದ ಹುಡುಕಿ ಉಳಿದದ್ದನ್ನೆಲ್ಲ ಪೆನ್ಸಿಲಿನಲ್ಲಿ ಮುಚ್ಚುತ್ತಾರೆ. ಅಸ್ಥಿಪಂಜರ ಕಂಡ ಮೇಲೆ ಒಂದೊಂದೇ ಷರತ್ತನ್ನು ವಾಪಸ್ ಸೇರಿಸುತ್ತಾರೆ. ನಿಯಮ, ಸುತ್ತೋಲೆ, ತೀರ್ಪು ಆಮೇಲಿನ ಮಾತು. ಶಾಲೆಯ ವ್ಯಾಕರಣದ ಪಾಠ ಕೊನೆಗೂ ಉಪಯೋಗಕ್ಕೆ ಬರುವ ಜಾಗ ಇದು.

ಆದರೆ ಅಕ್ಷರ ಹಿಡಿದು ಓದಿದರೆ ಸಾಕೇ? ತರಗತಿಯ ದೊಡ್ಡ ಜಗಳ ಇದೇ. ಸರ್ಕಾರ ಚಾಪೆ ಕೆಳಗೆ ತೂರಿದರೆ ತೆರಿಗೆ ಸಲಹೆಗಾರ ರಂಗೋಲಿ ಕೆಳಗೆ ತೂರುತ್ತಾನೆ. ಎಲ್ಲಿಯ ತನಕ ಅದು ಜಾಣತನ, ಎಲ್ಲಿಂದ ಮೋಸ?

ಅಮೆರಿಕದಲ್ಲಿ 1928ರಲ್ಲಿ ಒಬ್ಬ ಹೆಂಗಸು ಒಂದು ಹೊಸ ಕಂಪನಿ ಹುಟ್ಟಿಸಿದರು. ಅವರ ಹಳೆಯ ಕಂಪನಿಯಲ್ಲಿ ಬೆಲೆಬಾಳುವ ಷೇರುಗಳಿದ್ದವು. ನೇರವಾಗಿ ತೆಗೆದುಕೊಂಡರೆ ಲಾಭಾಂಶವೆಂದು ಜಾಸ್ತಿ ತೆರಿಗೆ. ಹಾಗಾಗಿ ಷೇರುಗಳನ್ನು ಹೊಸ ಕಂಪನಿಗೆ ವರ್ಗಾಯಿಸಿ, ಆ ಕಂಪನಿಯನ್ನು ಮುಚ್ಚಿ, ಷೇರುಗಳನ್ನು ತಾವು ಪಡೆದು ಮಾರಿದರು. ಹೊಸ ಕಂಪನಿ ಬದುಕಿದ್ದದ್ದು 6 ದಿನ. ಕಾಯ್ದೆಯ ಪ್ರತಿ ಅಕ್ಷರವನ್ನೂ ಪಾಲಿಸಿದ್ದರು. 1934ರಲ್ಲಿ ಮೇಲ್ಮನವಿ ಕೋರ್ಟಿನ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ತಮ್ಮ ತೀರ್ಪಿನಲ್ಲಿ ಒಂದು ಮಾತು ಬರೆದರು. ತೆರಿಗೆ ಆದಷ್ಟು ಕಡಿಮೆ ಬರುವಂತೆ ತನ್ನ ವ್ಯವಹಾರ ಜೋಡಿಸಿಕೊಳ್ಳುವುದಕ್ಕೆ ಯಾರಿಗೂ ಅಡ್ಡಿಯಿಲ್ಲ, ಖಜಾನೆಗೆ ಹೆಚ್ಚು ಸಿಗುವ ದಾರಿಯನ್ನೇ ಆರಿಸಬೇಕೆಂಬ ಬಂಧನವಿಲ್ಲ ಎನ್ನುವುದು ಅದರ ತಾತ್ಪರ್ಯ. ತೆರಿಗೆ ಉಳಿಸುವ ಸಲಹೆ ಮಾರುವವರು ಇಂದಿಗೂ ಈ ಮಾತನ್ನು ಮಂತ್ರದ ಹಾಗೆ ಹೇಳುತ್ತಾರೆ.

ಅವರು ಹೇಳದೆ ಬಿಡುವ ಸಂಗತಿ ಇದು. ಆ ತೀರ್ಪಿನಲ್ಲಿ ಆ ಹೆಂಗಸು ಸೋತರು. ಕಾನೂನು ಕಂಪನಿಗಳ ಮರುಜೋಡಣೆಗೆ ವಿನಾಯಿತಿ ಕೊಟ್ಟದ್ದು ನಿಜವಾದ ವ್ಯವಹಾರಕ್ಕೆ. ಇಲ್ಲಿ ವ್ಯವಹಾರವೇ ಇರಲಿಲ್ಲ, ಬರೀ ವೇಷ ಇತ್ತು ಎಂದರು ಹ್ಯಾಂಡ್. 1935ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಗಾಳಿ ಉಲ್ಟಾ ಬೀಸಿತು. ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ತನ್ನ ತೋಟದ ಮಾಲಿಗೆ ಕೊಡುವ ದುಡ್ಡನ್ನು ಸಂಬಳ ಎನ್ನದೆ ಕರಾರಿನ ಪ್ರಕಾರ ಕೊಡುವ ವಾರ್ಷಿಕ ಹಣ ಎಂದು ಬರೆಸಿ ತೆರಿಗೆ ಉಳಿಸಿದ್ದ. ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಡ್ಯೂಕನ ಪರ ನಿಂತಿತು. ಕಾಗದದಲ್ಲಿ ಏನಿದೆಯೋ ಅದೇ ಎಂದಿತು. ಆ ದೇಶದ ಕೋರ್ಟುಗಳು 1981ರ ಹೊತ್ತಿಗೆ ನಿಲುವು ಸಡಿಲಿಸಿ ವ್ಯವಹಾರವನ್ನು ಒಟ್ಟಾಗಿ ನೋಡತೊಡಗಿದವು.

ಈ ಎರಡು ಕೇಸು ಪಕ್ಕಪಕ್ಕ ಇಟ್ಟು, ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಅರ್ಧ ದಾರಿಯಲ್ಲಿ ಪಕ್ಷ ಬದಲಾಯಿಸಿ ಎಂದರೆ ಒಂದು ವಾರದ ಪಾಠ ತಯಾರು. ಇಲ್ಲಿ ಮೇಷ್ಟ್ರ ಕೈಯಲ್ಲಿ ಸರಿಯುತ್ತರ ಇಲ್ಲ. ಇದ್ದರೆ ಪಾಠ ಕೆಟ್ಟಿತು ಎಂದೇ ಅರ್ಥ.

ಬರವಣಿಗೆಯ ಕಡೆ

ತೆರಿಗೆ ಬಗ್ಗೆ ಬರೆಯುವುದು ಒಂದೇ ಥರದ ಕೆಲಸವಲ್ಲ. ಬಜೆಟ್ ದಿನ ಸಂಜೆಯೊಳಗೆ ಪತ್ರಿಕೆಗೆ ಕೊಡಬೇಕಾದ ಆರುನೂರು ಪದ ಇದೆ. ಪ್ರತಿ ವರ್ಷ ತಿದ್ದಬೇಕಾದ ಪಠ್ಯಪುಸ್ತಕ ಇದೆ, ಅದು ತೀರದ ಚಾಕರಿ. ಮಸೂದೆಯ ಕರಡು ಬಂದಾಗ ಸಮಿತಿಗೆ ಬರೆಯುವ ಟಿಪ್ಪಣಿ ಇದೆ. ಒಂದು ವರ್ಷ ಕೂತು ಬರೆದು, ಇನ್ನೊಂದು ವರ್ಷ ತಜ್ಞರ ಟೀಕೆಗೆ ಕಾದು ಅಚ್ಚಾಗುವ ಸಂಶೋಧನಾ ಪ್ರಬಂಧ ಇದೆ. ಅದನ್ನು ಓದುವವರು ಕೆಲವೇ ಜನ. ಆದರೆ ಆ ಕೆಲವರಲ್ಲಿ ಒಬ್ಬರು ಮುಂದೆ ಹಣಕಾಸು ಇಲಾಖೆಯಲ್ಲಿ ಕೂತಿರಬಹುದು.

ಒಂದು ಪದ ಹುಟ್ಟಿಸಿದರೆ ಏನಾಗಬಹುದು ಎನ್ನುವುದಕ್ಕೆ ಸ್ಟ್ಯಾನ್ಲಿ ಸರ್ರಿ ಎಂಬವರು ಸಾಕ್ಷಿ. ಹಾರ್ವರ್ಡ್‌ನಲ್ಲಿ ತೆರಿಗೆ ಕಾನೂನು ಕಲಿಸುತ್ತಿದ್ದವರು. 1961ರಿಂದ 1969ರ ತನಕ ಅಮೆರಿಕದ ಖಜಾನೆಯಲ್ಲಿ ತೆರಿಗೆ ನೀತಿ ನೋಡಿಕೊಂಡರು. ಸರ್ಕಾರ ಯಾರಿಗಾದರೂ ನೂರು ರೂಪಾಯಿ ಸಹಾಯಧನ ಕೊಟ್ಟರೆ ಅದು ಬಜೆಟ್‌ನಲ್ಲಿ ಖರ್ಚು ಎಂದು ಕಾಣುತ್ತದೆ. ಅದೇ ನೂರನ್ನು ತೆರಿಗೆ ವಿನಾಯಿತಿಯಾಗಿ ಬಿಟ್ಟುಕೊಟ್ಟರೆ ಎಲ್ಲೂ ಕಾಣುವುದಿಲ್ಲ. ಎರಡೂ ಒಂದೇ ಅಲ್ವಾ ಎಂದು ಅವರು ಕೇಳಿದರು. 1967ರಲ್ಲಿ ಅದಕ್ಕೆ ತೆರಿಗೆ ವೆಚ್ಚ ಎಂದು ಹೆಸರಿಟ್ಟರು. 1974ರ ಒಂದು ಕಾಯ್ದೆಯ ಪ್ರಕಾರ ಅಮೆರಿಕದ ಬಜೆಟ್ ಜೊತೆ ಇಂಥ ವಿನಾಯಿತಿಗಳ ಪಟ್ಟಿ ಕೊಡುವುದು ಕಡ್ಡಾಯವಾಯಿತು. ಈಗ ಹಲವು ದೇಶಗಳು ಈ ಲೆಕ್ಕ ಪ್ರಕಟಿಸುತ್ತವೆ. ಪದ ಸಿಗುವ ಮುಂಚೆ ಆ ಖರ್ಚು ಇರಲಿಲ್ಲ ಎಂದಲ್ಲ, ಕಣ್ಣಿಗೆ ಬೀಳುತ್ತಿರಲಿಲ್ಲ.

ನನಗೆ ಇವರೆಲ್ಲರಿಗಿಂತ ಹೆಚ್ಚು ಇಷ್ಟ ಇಟಲಿಯ ಲುಯಿಜಿ ಐನೌಡಿ. ಟ್ಯೂರಿನ್‌ನಲ್ಲಿ ಸಾರ್ವಜನಿಕ ಹಣಕಾಸು ಕಲಿಸುತ್ತಿದ್ದರು. ಜೊತೆಗೆ ದಶಕಗಳ ಕಾಲ ದಿನಪತ್ರಿಕೆಗಳಿಗೆ ಬರೆದರು, ಮೊದಲು 'ಲಾ ಸ್ಟಾಂಪಾ', ಆಮೇಲೆ 'ಕೊರಿಯೆರೆ ದೆಲ್ಲಾ ಸೇರಾ'. ಮುಸೊಲಿನಿಯ ಕಾಲದಲ್ಲಿ, 1925ರಲ್ಲಿ, ಆ ಪತ್ರಿಕೆಯಿಂದ ಹೊರಬಂದರು. 1945ರಲ್ಲಿ ದೇಶದ ಕೇಂದ್ರ ಬ್ಯಾಂಕಿನ ಗವರ್ನರ್ ಆದರು. 1948ರಿಂದ 1955ರ ತನಕ ಇಟಲಿಯ ರಾಷ್ಟ್ರಪತಿ. ತೆರಿಗೆ ಮೇಷ್ಟ್ರುಗಳು ಎಲ್ಲೆಲ್ಲಿಗೋ ಹೋಗುತ್ತಾರೆ ಎನ್ನುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಅವರು ಪಾಠವನ್ನೂ ಪತ್ರಿಕೆಯನ್ನೂ ಬೇರೆ ಬೇರೆ ಎಂದುಕೊಳ್ಳಲಿಲ್ಲ. ತರಗತಿಯಲ್ಲಿ ನಿಲ್ಲದ ವಾದ ಪತ್ರಿಕೆಯಲ್ಲಿ ನಿಲ್ಲುವುದಿಲ್ಲ, ಪತ್ರಿಕೆಯಲ್ಲಿ ಹೇಳಲಾಗದ್ದು ತಮಗೇ ಅರ್ಥವಾಗಿಲ್ಲ ಎಂದೇ ಲೆಕ್ಕ.

ಐನೌಡಿ ಇನ್ನೊಂದು ಕಡೆಯೂ ಇದ್ದರು. ಒಂದು ದೇಶದಲ್ಲಿ ದುಡಿದು ಇನ್ನೊಂದು ದೇಶದಲ್ಲಿ ನೆಲೆಸಿದವರಿಗೆ ತೆರಿಗೆ ಹಾಕುವುದು ಯಾರು ಎಂಬ ಪ್ರಶ್ನೆಗೆ ಲೀಗ್ ಆಫ್ ನೇಷನ್ಸ್ ನಾಲ್ವರು ಪ್ರಾಧ್ಯಾಪಕರು, ತಜ್ಞರನ್ನು ಕೂರಿಸಿತ್ತು. ಅವರ ವರದಿ ಬಂದದ್ದು 1923ರಲ್ಲಿ. 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಶೇ. 15ರ ಕನಿಷ್ಠ ತೆರಿಗೆ ಇರಬೇಕೆಂದು ಒಪ್ಪಿದವು. ವಾರ್ಷಿಕ ವಹಿವಾಟು 75 ಕೋಟಿ ಯೂರೊ ಮುಟ್ಟಿದ ಕಂಪನಿಗಳಿಗೆ ಮಾತ್ರ. ನಡುವೆ ಕಳೆದದ್ದು 98 ವರ್ಷ. ಜಗಳ ಹೆಚ್ಚುಕಡಿಮೆ ಅದೇ.

ಕಾಗದದ ಮೇಲೆ ಚೆಂದ ಕಂಡದ್ದು ನೆಲದ ಮೇಲೆ ನಿಲ್ಲದೆ ಹೋದದ್ದೂ ಇದೆ. ಕೇಂಬ್ರಿಡ್ಜ್‌ನ ನಿಕೊಲಸ್ ಕಾಲ್ಡರ್ ಆದಾಯದ ಬದಲು ಖರ್ಚಿಗೆ ತೆರಿಗೆ ಹಾಕಬೇಕೆಂದು 1955ರಲ್ಲಿ ಬರೆದರು. ದುಡಿದು ಉಳಿಸಿದವರಿಗಿಂತ ದುಡ್ಡು ಎರಚಿದವರಿಗೆ ತೆರಿಗೆ ಬೀಳಲಿ ಎನ್ನುವ ಯೋಚನೆ. ಮುಂದಿನ ವರ್ಷ ಭಾರತಕ್ಕೆ ಬಂದು ವರದಿ ಕೊಟ್ಟರು. 1957ರಲ್ಲಿ ಭಾರತ ಆ ತೆರಿಗೆ ತಂದಿತು. ಒಮ್ಮೆ ರದ್ದಾಯಿತು, ಮತ್ತೆ ಬಂತು, 1966ರಲ್ಲಿ ಪೂರ್ತಿ ಹೋಯಿತು. ಒಬ್ಬ ಮನುಷ್ಯ ವರ್ಷಕ್ಕೆ ಎಷ್ಟು ಖರ್ಚು ಮಾಡಿದ ಎಂದು ಅಧಿಕಾರಿ ಪತ್ತೆ ಮಾಡುವುದು ಹೇಗೆ? ಅದೇ ಹೊತ್ತಿನಲ್ಲಿ, 1954ರಲ್ಲಿ, ಫ್ರಾನ್ಸಿನ ತೆರಿಗೆ ಇಲಾಖೆಯ ಅಧಿಕಾರಿ ಮೊರಿಸ್ ಲೊರೆ ರೂಪಿಸಿದ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂತು. ಅದೂ ಕೊನೆಗೆ ಖರ್ಚಿನ ಮೇಲಿನ ತೆರಿಗೆಯೇ. ಆದರೆ ಅಂಗಡಿಯಿಂದ ಅಂಗಡಿಗೆ ಬಿಲ್ಲೇ ಬಿಲ್ಲಿಗೆ ಸಾಕ್ಷಿ. ಕೊಂಡವರು ತಾವು ಕಟ್ಟಿದ್ದನ್ನು ವಾಪಸ್ ಪಡೆಯಬೇಕಾದರೆ ಮಾರಿದವರ ಬಿಲ್ ತೋರಿಸಲೇಬೇಕು. ಈಗ ಅದು 170ಕ್ಕೂ ಹೆಚ್ಚು ದೇಶಗಳಲ್ಲಿದೆ. ಪ್ರೊಫೆಸರ್ ಸೋತ ಕಡೆ ಅಧಿಕಾರಿ ಗೆದ್ದ.

ಬರುವ ದಾರಿ

ಈ ಕೆಲಸಕ್ಕೆ ಒಂದೇ ಬಾಗಿಲಿಲ್ಲ. ಕಾನೂನು ಓದಿ, ತೆರಿಗೆಯಲ್ಲಿ ಸ್ನಾತಕೋತ್ತರ ಮಾಡಿ, ಕೆಲವು ವರ್ಷ ವಕೀಲಿಕೆ ಮಾಡಿ ಬರುವವರು ಹೆಚ್ಚು. ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ಬರುತ್ತಾರೆ. ಲೆಕ್ಕಪತ್ರದ ಕಡೆಯಿಂದ, ತೆರಿಗೆ ಇಲಾಖೆಯಿಂದಲೂ ಬರುತ್ತಾರೆ. ಎಲ್ಲರಿಗೂ ಒಂದೊಂದು ಕುರುಡು. ವಕೀಲರಿಗೆ ಪದ ಕಾಣುತ್ತದೆ, ಮಾರುಕಟ್ಟೆ ಕಾಣುವುದಿಲ್ಲ. ಅರ್ಥಶಾಸ್ತ್ರಜ್ಞರಿಗೆ ಮಾರುಕಟ್ಟೆ ಕಾಣುತ್ತದೆ, ಕಡತ ಹಿಡಿದು ಕೂತ ಅಧಿಕಾರಿ ಕಾಣುವುದಿಲ್ಲ. ಯಾವ ಬಾಗಿಲಿಂದ ಬಂದರೂ ಪಕ್ಕದ ಕೋಣೆಯ ಭಾಷೆ ಕಲಿಯಲೇಬೇಕು.

ಇನ್ನೊಂದು ಮಾತು ಮುಚ್ಚಿಡುವುದು ಬೇಡ. ಇದೇ ವಿದ್ಯೆಗೆ ಸಲಹೆಗಾರರ ಸಂಸ್ಥೆಗಳಲ್ಲಿ ಸಿಗುವ ದುಡ್ಡು ತರಗತಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಕಲಿಸುವವರು ಹಲವರು ಪಕ್ಕದಲ್ಲಿ ಅಭಿಪ್ರಾಯ ಬರೆದುಕೊಡುತ್ತಾರೆ. ಅದರಲ್ಲಿ ತಪ್ಪಿಲ್ಲ, ಅಭ್ಯಾಸ ಬಿಟ್ಟುಹೋಗದಂತೆ ಅದು ಕಾಪಾಡುತ್ತದೆ ಕೂಡ. ಆದರೆ ಒಂದು ಕಂಪನಿಗೆ ಶುಲ್ಕಕ್ಕೆ ಬರೆದ ವಾದವೇ ಆರು ತಿಂಗಳ ಮೇಲೆ ಸ್ವತಂತ್ರ ಲೇಖನವಾಗಿ ಬಂದರೆ, ಯಾರ ದುಡ್ಡಿನಲ್ಲಿ ಹುಟ್ಟಿದ್ದು ಎಂದು ಒಂದು ಸಾಲು ಹಾಕಲೇಬೇಕು. ಆ ಸಾಲು ಇಲ್ಲದ ಲೇಖನವನ್ನು ನಾನು ಎರಡು ಸಲ ಓದುತ್ತೇನೆ, ಎರಡನೆಯ ಸಲ ಅನುಮಾನದಿಂದ.

ತೆರಿಗೆ ಒಣ ವಿಷಯ ಎನ್ನುವವರಿಗೆ ಹೇಳಲು ಒಂದು ಕಥೆ ಇಟ್ಟುಕೊಂಡಿದ್ದೇನೆ. 1970ರ ಸುಮಾರಿಗೆ ಅಮೆರಿಕದ ಡೆನ್ವರ್‌ನ ಒಬ್ಬ ಅವಿವಾಹಿತ ಗಂಡಸು ತನ್ನ ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಆಳಿಟ್ಟಿದ್ದರು. ಆ ಖರ್ಚಿಗೆ 600 ಡಾಲರ್ ಕಡಿತ ಕೇಳಿದರು. ಇಲಾಖೆ ಕೊಡಲಿಲ್ಲ. ಹೆಂಗಸರಿಗೆ ಆ ಕಡಿತ ಇತ್ತು, ಹೆಂಡತಿ ತೀರಿಕೊಂಡ ಅಥವಾ ವಿಚ್ಛೇದನವಾದ ಗಂಡಸರಿಗೂ ಇತ್ತು. ಮದುವೆಯೇ ಆಗದ ಗಂಡಸಿಗೆ ಇರಲಿಲ್ಲ. ನೋಡಿಕೊಳ್ಳುವ ಕೆಲಸ ಹೆಂಗಸರದ್ದು ಎಂದು ಕಾಯ್ದೆ ಬರೆದವರು ಅಂದುಕೊಂಡಿದ್ದರು. ತೆರಿಗೆ ಕೋರ್ಟಿನ ತೀರ್ಪುಗಳನ್ನು ಓದುತ್ತಿದ್ದ ಮಾರ್ಟಿನ್ ಗಿನ್ಸ್‌ಬರ್ಗ್ ಕಣ್ಣಿಗೆ ಇದು ಬಿತ್ತು. ಆಗ ಅವರು ತೆರಿಗೆ ವಕೀಲ, ಮುಂದೆ ತೆರಿಗೆ ಕಾನೂನಿನ ಪ್ರೊಫೆಸರ್ ಆದರು. ಪಕ್ಕದ ಕೋಣೆಯಲ್ಲಿದ್ದ ಹೆಂಡತಿಗೆ ತೋರಿಸಿದರು. ಹೆಂಡತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಕಾನೂನು ಕಲಿಸುತ್ತಿದ್ದರು. ತಾನು ತೆರಿಗೆ ಕೇಸು ಓದುವುದಿಲ್ಲ ಎಂದರು. ಇದೊಂದು ಓದು ಎಂದರು ಗಂಡ.

ಇಬ್ಬರೂ ಸೇರಿ ವಾದಿಸಿದರು, 1972ರಲ್ಲಿ ಗೆದ್ದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು. ಸರ್ಕಾರದ ಪರ ನಿಂತಿದ್ದವರು ಸಾಲಿಸಿಟರ್ ಜನರಲ್ ಅರ್ವಿನ್ ಗ್ರಿಸ್‌ವಲ್ಡ್. ಅವರೂ ಹಳೆಯ ತೆರಿಗೆ ಮೇಷ್ಟ್ರೇ, ಹಾರ್ವರ್ಡ್‌ನವರು. ಈ ತೀರ್ಪು ನಿಂತರೆ ಗಂಡು ಹೆಣ್ಣು ಭೇದ ಮಾಡುವ ಎಷ್ಟೋ ಕಾಯ್ದೆಗಳು ಉರುಳುತ್ತವೆ ಎಂದು ಅವರು ಎಚ್ಚರಿಸಿದರು. ಸಾಕ್ಷಿಗೆ ಅಂಥ ಕಾಯ್ದೆಗಳ ಪಟ್ಟಿಯನ್ನೇ ಮನವಿಗೆ ಲಗತ್ತಿಸಿದರು. ರಕ್ಷಣಾ ಇಲಾಖೆಯ ಕಂಪ್ಯೂಟರಿನಿಂದ ತೆಗೆಸಿದ ಪಟ್ಟಿ. ಸುಪ್ರೀಂ ಕೋರ್ಟ್ ಮೇಲ್ಮನವಿ ಎತ್ತಿಕೊಳ್ಳಲಿಲ್ಲ. ರೂತ್ ಗಿನ್ಸ್‌ಬರ್ಗ್ ಆ ಪಟ್ಟಿಯನ್ನು ಇಟ್ಟುಕೊಂಡರು. ಮುಂದಿನ ವರ್ಷಗಳಲ್ಲಿ ಅದರಲ್ಲಿದ್ದ ಕಾಯ್ದೆಗಳ ಮೇಲೆ ಒಂದೊಂದಾಗಿ ಕೇಸು ನಡೆಸುತ್ತಾ ಹೋದರು.